ಭಾಮೈದ ಓಡಿಸಿದ ಕಾರು, ನನ್ನ ಹೆಸರಿಗೆ ಚಲನ್

ಪ್ರಶ್ನೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನನ್ನ ಕಾರು 118 ಕಿ.ಮೀ. ವೇಗದಲ್ಲಿತ್ತು ಅಂತ ಮೊಬೈಲಿಗೆ ಚಲನ್ ಬಂದಿದೆ. ಓಡಿಸಿದ್ದು ನನ್ನ ಭಾಮೈದ. ಸುಮ್ನೆ ಬಿಟ್ಟರೆ ಏನಾಗುತ್ತದೆ?
— ಓದುಗರು, ಮಂಡ್ಯ

ಉತ್ತರ: ಭಾಮೈದನನ್ನು ಬೈಯುವ ಮೊದಲು ಚಲನ್‌ನಲ್ಲಿರುವ ಫೋಟೊ ದೊಡ್ಡದು ಮಾಡಿ ನೋಡಿ. ನಂಬರ್ ನಿಮ್ಮದೇನಾ? ನನ್ನ ಹತ್ತಿರ ಬಂದಿದ್ದ ಒಬ್ಬರ ಚಲನ್‌ನಲ್ಲಿ 3 ಹೋಗಿ 8 ಆಗಿತ್ತು. ಹಾಗೇನಾದರೂ ಇದ್ದರೆ ಆರ್‌ಸಿ, ಕಾರಿನ ಫೋಟೊ ಕೊಟ್ಟು ತಕರಾರು ಸಲ್ಲಿಸಿ.

ನಂಬರ್ ಸರಿಯಿದ್ದರೆ ವಾದ ಕಷ್ಟ. ಅಲ್ಲಿ ಕಾರಿಗೆ ಮಿತಿ 100. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್‌ನಲ್ಲಿ ಕಾರಿಗೆ 1000ದಿಂದ 2000 ರೂಪಾಯಿ ದಂಡವಿದೆ. ಬರೀ ಒಬ್ಬರ ಕಣ್ಣಂದಾಜಿನ ಮೇಲೆ ಶಿಕ್ಷೆ ಕೊಡುವಂತಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಆದರೆ ಕ್ಯಾಮೆರಾದ್ದು ಕಣ್ಣಂದಾಜಲ್ಲ ಅಲ್ವಾ!

ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ ಮಾಲೀಕರಾದ ನೀವು ಹೇಳಲೇಬೇಕು. ಎರಡನೇ ಸಲ ಸಿಕ್ಕಿಬಿದ್ದರೆ ಓಡಿಸಿದವರ ಲೈಸೆನ್ಸಿಗೇ ಕುತ್ತು. ಕಟ್ಟದೆ ಬಿಟ್ಟರೆ ಕೇಸು ಕೋರ್ಟಿಗೆ ಹೋಗಬಹುದು. ಸಾವಿರಕ್ಕೆ ಕೋರ್ಟು ಅಲೆಯುವುದು ಯಾರಿಗೆ ಬೇಕು?

ಒಂದು ಮಾತು. ವಾಟ್ಸಾಪ್‌ನಲ್ಲಿ ಚಲನ್ ಅಂತ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ಕಳ್ಳರ ಕೆಲಸ. ಸರ್ಕಾರದ ಪರಿವಾಹನ್ ಇ-ಚಲನ್ ತಾಣದಲ್ಲೇ ಗಾಡಿ ನಂಬರ್ ಹಾಕಿ ನೋಡಿ, ಅಲ್ಲೇ ಕಟ್ಟಿ. ದುಡ್ಡು ಭಾಮೈದನ ಹತ್ತಿರ ಇಸಿದುಕೊಳ್ಳುವುದು ನಿಮ್ಮ ಮನೆಯ ವಿಚಾರ.