ಪೂರೈಕೆದಾರರೆಲ್ಲ ‘ಇಲ್ಲ’ ಎಂದು ಬರೆದಿದ್ದಾರೆ, ಅಷ್ಟು ಸಾಕೇ?

ತಂಗೀ, ಅಂಕೋಲೆಯಿಂದ ಈಚೆಗಷ್ಟೇ ಬಂದು ಇಂಗ್ಲೆಂಡಿನ ಪ್ರೆಸ್ಟನ್ನಿನ ಆಹಾರ ಆಮದು ಕಂಪನಿಯೊಂದರ ಖರೀದಿ ವಿಭಾಗಕ್ಕೆ ಸೇರಿರುವ ನೀನು ನನಗೆ ಎರಡು ಪ್ರಶ್ನೆ ಕಳಿಸಿದ್ದೀಯೆ. ಇಲ್ಲಿಯ ಬಾಡಿಗೆ, ಊಟ, ಚಳಿ ಹೇಗೆಂಬುದು ಒಂದು. ಆಧುನಿಕ ಗುಲಾಮಗಿರಿಯ, ಅಂದರೆ ಬಲವಂತದ ದುಡಿಮೆ, ಸಾಲದ ಜೀತ ಇಂಥವುಗಳ ಕುರಿತ ಕಂಪನಿಯ ವಾರ್ಷಿಕ ಹೇಳಿಕೆಯ ಕರಡನ್ನು ನಿನಗೆ ವಹಿಸಿದ್ದಾರೆ, ಪೂರೈಕೆದಾರರೆಲ್ಲ ‘ನಿಮ್ಮಲ್ಲಿ ಅಂಥದ್ದು ಇದೆಯೇ’ ಎಂದು ಕೇಳುವ ಪ್ರಶ್ನಾವಳಿಯ ಎಲ್ಲ ಸಾಲಿಗೂ ‘ಇಲ್ಲ’ ಎಂದು ಬರೆದು ಮರಳಿಸಿದ್ದಾರೆ, ಅಷ್ಟು ಸಾಕೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಹೆಚ್ಚು ಹೇಳುವುದಿಲ್ಲ. ಬಾಡಿಗೆ ಕರಾರನ್ನು ಪೂರ್ತಿ ಓದಿ ಸಹಿ ಹಾಕು, ಕುಚ್ಚಲಕ್ಕಿ ಹುಡುಕಿದರೆ ಸಿಗುತ್ತದೆ, ನಮ್ಮ ಬಂಗಡೆಯ ರುಚಿಯನ್ನು ಮಾತ್ರ ಇಲ್ಲಿ ಹುಡುಕಬೇಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಅದಕ್ಕೆ ನಾನು ಇನ್ನೂ ಒಗ್ಗಿಕೊಂಡಿಲ್ಲ.

ಎರಡನೆಯದಕ್ಕೆ ಉತ್ತರ, ಸಾಲದು. ಕಾಯ್ದೆ ಕೇಳುವುದು ಕಡಿಮೆಯೇ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಕಲಮಿನಂತೆ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟು ಇರುವ ಕಂಪನಿ ಇದನ್ನು ತಡೆಯಲು ಏನು ಕ್ರಮ ಕೈಗೊಂಡೆವೆಂದು ಪ್ರತಿ ಹಣಕಾಸು ವರ್ಷಕ್ಕೊಂದು ಹೇಳಿಕೆ ಪ್ರಕಟಿಸಬೇಕು. ಅದನ್ನು ಆಡಳಿತ ಮಂಡಳಿ ಒಪ್ಪಬೇಕು, ನಿರ್ದೇಶಕರೊಬ್ಬರು ಸಹಿ ಹಾಕಬೇಕು, ಜಾಲತಾಣದ ಮುಖಪುಟದಲ್ಲಿ ಅದರ ಕೊಂಡಿ ಎದ್ದು ಕಾಣಬೇಕು. ಪ್ರಕಟಿಸದಿದ್ದವರಿಗೆ ನೇರ ದಂಡವಿಲ್ಲ, ಸಚಿವರು ಹೈಕೋರ್ಟಿನಿಂದ ಆದೇಶ ತರಬಹುದು ಅಷ್ಟೇ. ಇನ್ನೂ ವಿಚಿತ್ರವೆಂದರೆ, ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದು ಸಹಿ ಹಾಕಿದರೂ ಕಾಯ್ದೆ ಪಾಲಿಸಿದಂತಾಗುತ್ತದೆ.

ಆದರೆ ಕಾಗದದ ಆಚೆ ಏನಿದೆ ಎಂಬುದಕ್ಕೆ ನೀನು ದೂರ ಹೋಗಬೇಕಾಗಿಲ್ಲ. ಪ್ರೆಸ್ಟನ್ನಿನ ಉತ್ತರಕ್ಕೇ ಮೊರೆಕ್ಯಾಂಬ್ ಕೊಲ್ಲಿಯಿದೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತ ನೋಡಿ ನೀರಿಗಿಳಿದು ಬಳಚು ಚಿಪ್ಪು ಹೆಕ್ಕುವವರನ್ನು ಕಂಡು ಬೆಳೆದವಳು ನೀನು. ಭರತ ಯಾವಾಗ ತಿರುಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2004ರ ಫೆಬ್ರುವರಿ 5ರ ರಾತ್ರಿ ಈ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕಲು ಇಳಿಸಲಾಗಿದ್ದ ಚೀನೀ ಕೂಲಿಗಳಿಗೆ ಇಲ್ಲಿಯ ನೀರಿನ ಗುಣ ಗೊತ್ತಿರಲಿಲ್ಲ, ಗೊತ್ತಿದ್ದರೂ ಬರುವುದಿಲ್ಲವೆನ್ನುವ ಸ್ಥಿತಿ ಇರಲಿಲ್ಲ. ಕನಿಷ್ಠ 21 ಜನ ಮುಳುಗಿದರು. ಅದೇ ವರ್ಷ ಕೃಷಿ, ಚಿಪ್ಪುಮೀನು ಸಂಗ್ರಹ ಮತ್ತು ಆಹಾರ ಪ್ಯಾಕಿಂಗ್‌ಗೆ ಕೂಲಿಗಳನ್ನು ಒದಗಿಸುವವರಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಬಂತು. ನಿನ್ನ ಪಟ್ಟಿಯಲ್ಲಿರುವ ಪ್ರತಿ ಪ್ಯಾಕಿಂಗ್ ಶೆಡ್ಡಿಗೆ ಜನ ಕಳಿಸುವ ಏಜೆನ್ಸಿಯ ಹೆಸರು ಆ ಪರವಾನಗಿ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡು.

ನಾನು ಬಂದ ಹೊಸತರಲ್ಲಿ, ಬ್ರೆಕ್ಸಿಟ್‌ಗೆ ಬಹಳ ಮೊದಲು, ಹಿಂದಿ ಮತ್ತು ಕೊಂಕಣಿ ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನನ್ನು ತಪಾಸಕರ ಜೊತೆ ಮೀನು ಪ್ಯಾಕ್ ಮಾಡುವ ಶೆಡ್ಡೊಂದಕ್ಕೆ ಕಳಿಸಿದ್ದರು. ಅಲ್ಲಿ ಕಾಣಕೋಣದ ಹುಡುಗನೊಬ್ಬನಿದ್ದ; ಕಾರವಾರದಿಂದ ಗಡಿ ದಾಟಿದರೆ ಅವನ ಊರು. ಅಜ್ಜ ಪೋರ್ಚುಗೀಸರ ಕಾಲದಲ್ಲಿ ಹುಟ್ಟಿದ್ದರಿಂದ ಅವನಿಗೆ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಸಿಕ್ಕಿತ್ತು. ಬ್ರಿಟನ್ ಆಗಿನ್ನೂ ಐರೋಪ್ಯ ಒಕ್ಕೂಟದಲ್ಲಿದ್ದುದರಿಂದ ಆ ಪಾಸ್‌ಪೋರ್ಟಿನ ಮೇಲೆ ಇಲ್ಲಿ ದುಡಿಯಬಹುದಿತ್ತು, ಹಾಗಾಗಿ ಕಂಪನಿಯ ಕಡತದಲ್ಲಿ ಅವನದು ಎಲ್ಲವೂ ಸರಿ. ಕೆಲಸಕ್ಕಾಗಿ ಯಾರಿಗಾದರೂ ಹಣ ಕೊಟ್ಟಿದ್ದೀಯಾ ಎಂದು ಕೇಳಿದಾಗ ‘ಇಲ್ಲ’ ಎಂದ, ತಪಾಸಕರು ಗುರುತು ಹಾಕಿಕೊಂಡರು. ಮಧ್ಯಾಹ್ನ ಚಹಾದ ಹೊತ್ತಿಗೆ, ಮೇಸ್ತ್ರಿ ಆಚೆ ಹೋದ ಮೇಲೆ, ಕೊಂಕಣಿಯಲ್ಲಿ ಬೇರೆಯದೇ ಕತೆ ಹೊರಬಂತು: ಕಾಗದಪತ್ರಕ್ಕೆಂದು ಮಡಗಾಂವದ ದಲಾಲಿಗೆ ಕೊಟ್ಟ ಹಣಕ್ಕೆ ಅವ್ವನ ಬಂಗಾರ ಅಡವಿನಲ್ಲಿತ್ತು, ಬಡ್ಡಿ ಬೆಳೆಯುತ್ತಿತ್ತು. ಸಂಬಳದ ಚೀಟಿ ತೋರಿಸಿದ. ಮನೆ ಬಾಡಿಗೆ, ವ್ಯಾನಿನ ಬಾಡಿಗೆ, ‘ಆಡಳಿತ ವೆಚ್ಚ’ ಎಂದು ಏಜೆನ್ಸಿ ಕಡಿದ ಮೇಲೆ ಊರಿಗೆ ಕಳಿಸಲು ಉಳಿಯುತ್ತಿದ್ದದ್ದು ಆ ಬಡ್ಡಿಗೂ ಸಾಲುತ್ತಿರಲಿಲ್ಲ. ಹಾಗಾದರೆ ಇಲ್ಲವೆಂದದ್ದೇಕೆ ಎಂದೆ. ‘ಕಂಪನಿಗೆ ನಾನೇನೂ ಕೊಟ್ಟಿಲ್ಲವಲ್ಲ, ಅದು ಮನೆಯ ವಿಷಯ’ ಎಂದ. ತಪಾಸಕರಿಗೆ ತಿಳಿಸಿದೆ. ಪ್ರಶ್ನೆಗೆ ಉತ್ತರ ದಾಖಲಾಗಿದೆ ಎಂದರು. ಮುಂದಿನ ತಪಾಸಣೆಯ ಹೊತ್ತಿಗೆ ಅವನು ಆ ಶೆಡ್ಡಿನಲ್ಲಿರಲಿಲ್ಲ, ಅವನ ಜಾಗದಲ್ಲಿ ಅದೇ ದಲಾಲಿ ಕಳಿಸಿದ ಇನ್ನೊಬ್ಬನಿದ್ದ. ಇಷ್ಟು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಗೆ 11 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಗುರುತಿನ ಪತ್ರ ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಬೆದರಿಕೆ, ಸಾಲದ ಜೀತ ಎಲ್ಲ ಅದರಲ್ಲಿವೆ. ಉಳಿದವು ಕಾರ್ಖಾನೆಯಲ್ಲಿ ಕಣ್ಣಿಗೆ ಬೀಳಬಹುದು, ಸಾಲ ಮಾತ್ರ ಊರಲ್ಲಿರುತ್ತದೆ. ಆದ್ದರಿಂದ ‘ಶುಲ್ಕ ಕೊಟ್ಟಿರಾ’ ಎಂದು ಕೇಳಿಸಬೇಡ. ಇಲ್ಲಿಗೆ ಬರಲು ಹಣ ಎಲ್ಲಿಂದ ಹೊಂದಿಸಿದಿರಿ, ಮನೆಯಲ್ಲಿ ಇನ್ನೂ ಏನು ಅಡವಿದೆ, ತೀರುವ ಮೊದಲು ಕೆಲಸ ಬಿಟ್ಟರೆ ಏನಾಗುತ್ತದೆ ಎಂದು ಅವರ ಭಾಷೆಯಲ್ಲಿ, ಮೇಸ್ತ್ರಿಯಾಗಲಿ ಏಜೆನ್ಸಿಯವರಾಗಲಿ ಇಲ್ಲದ ಕಡೆ, ಸಾಧ್ಯವಾದರೆ ಶೆಡ್ಡಿನ ಹೊರಗೆ ಕೇಳಿಸು. ಹಲವರ ಸಂಬಳ ಒಂದೇ ಬ್ಯಾಂಕ್ ಖಾತೆಗೆ ಹೋಗುತ್ತಿದೆಯೇ, ಹಲವರ ವಿಳಾಸ ಒಂದೇ ಇದೆಯೇ ಎಂದು ಸಂಬಳದ ಪಟ್ಟಿಯಲ್ಲಿ ನೋಡು. ಭಾರತದಿಂದ ಬಂದವರಿದ್ದರೆ, ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬುದು ನೆನಪಿರಲಿ. ಲಕ್ಷಗಳ ಮಾತು ಬಂದರೆ ಅಲ್ಲೇ ನಿಲ್ಲು.

ಇದು ಇಲ್ಲಿಯವರಿಗಿಂತ ನಿನಗೆ ಬೇಗ ಅರ್ಥವಾಗುತ್ತದೆ, ಅದು ನಿನ್ನ ಬಲ. ಆಗಸ್ಟಿನಲ್ಲಿ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿಯುವಾಗ ಒಡಿಶಾ, ಜಾರ್ಖಂಡದ ಖಲಾಸಿಗಳು ಮುಂಗಡದ ಮೇಲೆ ನಮ್ಮ ಬಂದರಿಗೆ ಬರುವುದನ್ನು ನೀನು ನೋಡಿದ್ದೀಯೆ. ಮುಂಗಡವೆಲ್ಲ ಜೀತವಲ್ಲ, ಅದು ತೀರುವವರೆಗೆ ಕೆಲಸ ಬಿಟ್ಟು ಹೋಗಲು ಬಿಡದಿದ್ದಾಗ ಜೀತವಾಗುತ್ತದೆ, 1976ರ ನಮ್ಮ ಜೀತ ಪದ್ಧತಿ ರದ್ದತಿ ಕಾಯ್ದೆಯೂ ಅದನ್ನೇ ನಿಷೇಧಿಸಿದೆ. ನಿನ್ನ ಕಂಪನಿ ಕೊಳ್ಳುವ ಸಿಗಡಿ ಎಲ್ಲಿಂದ ಬರುತ್ತದೆಂದು ನೋಡುವಾಗ ನಮ್ಮ ಕರಾವಳಿಯನ್ನು ಪಟ್ಟಿಯಿಂದ ಬಿಡಬೇಡ.

ಶುಲ್ಕ ಕೊಟ್ಟದ್ದು ಗೊತ್ತಾದೊಡನೆ ಪೂರೈಕೆದಾರನ ಕರಾರು ಕಡಿಯಲು ಹೋಗಬೇಡ. ಕೆಲಸ ಹೋದವನ ಸಾಲ ಹಾಗೇ ಉಳಿಯುತ್ತದೆ. ಹಣ ಮರಳಿಸುವಂತೆ ಪಟ್ಟು ಹಿಡಿಯಬೇಕು. 2020ರಲ್ಲಿ ಬಲವಂತದ ದುಡಿಮೆಯ ಶಂಕೆಯ ಮೇಲೆ ಅಮೆರಿಕದ ಕಸ್ಟಮ್ಸ್ ಮಲೇಷ್ಯಾದ ಅತಿ ದೊಡ್ಡ ಕೈಗವಸು ತಯಾರಕರ ಸರಕನ್ನು ತಡೆದ ಬಳಿಕ ಆ ಕಂಪನಿ ತನ್ನ ವಲಸೆ ಕಾರ್ಮಿಕರಿಗೆ ನೇಮಕಾತಿ ಶುಲ್ಕವನ್ನು ಮರಳಿಸಿತು, ಆಗದ ಕೆಲಸವೇನಲ್ಲ. ಹಾಗೆ ಕಂಡದ್ದನ್ನೂ ಮರಳಿಸಿದ್ದನ್ನೂ ಕರಡಿನಲ್ಲಿ ಬರೆ. ಕಂಪನಿಯ ಹೆಸರು ಕೆಡುತ್ತದೆಂದು ನಿರ್ದೇಶಕರು ಆ ಸಾಲು ತೆಗೆಯಲು ಹೇಳಬಹುದು. ಏನೂ ಮಾಡಿಲ್ಲವೆಂದು ಬರೆಯುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ, ಆ ವಾಕ್ಯಕ್ಕೆ ಸಹಿ ಹಾಕುವಿರಾ ಎಂದು ವಿನಯದಿಂದಲೇ ಕೇಳು.