ವಿದ್ಯಾರ್ಥಿಗಳ ಬೆನ್ನುಬಿದ್ದ ಬೇಹುಗಾರರು

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಇತಿಹಾಸ ಶಿಕ್ಷಕ. ಅಮೆರಿಕದ ಸಿ.ಐ.ಎ. ತನ್ನದೇ ದೇಶದ ವಿದ್ಯಾರ್ಥಿಗಳ ಮೇಲೆ ಕಣ್ಣಿಟ್ಟಿತ್ತೆಂದು ಬೆಳಗಾವಿಯಲ್ಲಿ ಎಂ.ಎ. ಓದುತ್ತಿರುವ ನನ್ನ ಮೊಮ್ಮಗಳು ಹೇಳುತ್ತಾಳೆ. ಹೊರದೇಶದ ಸುದ್ದಿ ಕಲೆಹಾಕುವ ಸಂಸ್ಥೆಗೆ ಕಾಲೇಜು ಹುಡುಗರ ಗೊಡವೆ ಏಕೆ ಬೇಕಿತ್ತು? ನಮ್ಮಲ್ಲಿ ಇಂಥದ್ದಕ್ಕೆ ಕಾನೂನಿನ ಅಂಕೆ ಇದೆಯೇ?

ಉತ್ತರ: ಮಾನ್ಯರೇ, ನಿಮ್ಮ ಮೊಮ್ಮಗಳು ಹೇಳಿದ್ದು ನಿಜ. ಸಿ.ಐ.ಎ.ಯನ್ನು ಹುಟ್ಟುಹಾಕಿದ 1947ರ ಕಾಯ್ದೆಯೇ ಅದಕ್ಕೆ ಆಂತರಿಕ ಭದ್ರತೆಯ ಕೆಲಸ ಸಲ್ಲದೆಂದು ಹೇಳಿತ್ತು. ಆದರೆ ವಿಯೆಟ್ನಾಂ ಯುದ್ಧದ ವಿರುದ್ಧ ವಿಶ್ವವಿದ್ಯಾಲಯಗಳು ಸಿಡಿದೆದ್ದಾಗ, ಇದರ ಹಿಂದೆ ಪರದೇಶದ ಕೈವಾಡವಿದೆಯೆಂದು ಶಂಕಿಸಿದ ಅಧ್ಯಕ್ಷ ಜಾನ್ಸನ್ ಪುರಾವೆ ಕೇಳಿದರು. 1967ರಲ್ಲಿ ‘ಕೇಯಾಸ್’ ಕಾರ್ಯಾಚರಣೆ ಆರಂಭವಾಯಿತು. ಹೇಳಿಕೊಳ್ಳುವಂಥ ಕೈವಾಡ ಕಾಣುತ್ತಿಲ್ಲವೆಂದು ಸಂಸ್ಥೆಯೇ ಮತ್ತೆ ಮತ್ತೆ ವರದಿ ಕೊಟ್ಟರೂ ಶ್ವೇತಭವನಕ್ಕೆ ಸಮಾಧಾನವಾಗಲಿಲ್ಲ, ನಿಕ್ಸನ್ ಬಂದ ಮೇಲೆ ಶೋಧ ಇನ್ನಷ್ಟು ಹಿಗ್ಗಿತು. 1974ರಲ್ಲಿ ಅದು ನಿಲ್ಲುವ ಹೊತ್ತಿಗೆ ಸುಮಾರು 7,200 ಅಮೆರಿಕನ್ನರ ಕಡತಗಳು ತಯಾರಾಗಿದ್ದವು, ಕಂಪ್ಯೂಟರಿನ ಸೂಚಿಯಲ್ಲಿ 3 ಲಕ್ಷ ಹೆಸರುಗಳು ಸೇರಿದ್ದವು.

ನನ್ನನ್ನು ಹೆಚ್ಚು ಕಲಕಿದ್ದು ಒಂದು ಪುಟ್ಟ ಟಿಪ್ಪಣಿ. 1969ರ ಫೆಬ್ರುವರಿಯಲ್ಲಿ ವಿದ್ಯಾರ್ಥಿ ಚಳವಳಿಗಳ ವರದಿಯನ್ನು ನಿಕ್ಸನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಅವರಿಗೆ ಕಳಿಸುವಾಗ ಸಿ.ಐ.ಎ. ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್, ಅಮೆರಿಕದ ವಿದ್ಯಾರ್ಥಿಗಳ ಕುರಿತ ಭಾಗವು ಸಂಸ್ಥೆಯ ಅಧಿಕಾರವ್ಯಾಪ್ತಿಗೆ ಸೇರಿದ್ದಲ್ಲ, ಆದ್ದರಿಂದ ಈ ಕಾಗದ ಬಹಳ ಸೂಕ್ಷ್ಮವಾದದ್ದು ಎಂದು ಸ್ವತಃ ಬರೆದಿದ್ದರು. ತಪ್ಪೆಂದು ಬಲ್ಲವರೇ ಅದನ್ನು ನಡೆಸಿದ್ದರು. ಪತ್ರಕರ್ತ ಸೇಮೂರ್ ಹರ್ಷ್ ಇದನ್ನು 1974ರ ಡಿಸೆಂಬರ್ 22ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಯಲು ಮಾಡಿದ ಮೇಲೆಯೇ ಸೆನೆಟರ್ ಫ್ರಾಂಕ್ ಚರ್ಚ್ ಮುಂದಾಳತ್ವದ ಸೆನೆಟ್ಟಿನ ‘ಚರ್ಚ್ ಸಮಿತಿ’ ತನಿಖೆಗೆ ಕೂತದ್ದು.

ಬಂಧನವೇ ಆಗದಿದ್ದರೆ ಕಡತದಿಂದ ಏನು ಹಾನಿ ಎಂದು ಕೇಳುವವರಿದ್ದಾರೆ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ನಾನು ಬೆಳಗಾವಿಯಲ್ಲಿ ವಿದ್ಯಾರ್ಥಿಯಾಗಿದ್ದೆ. ನಮ್ಮ ಓದುಬಳಗ ಸೇರುತ್ತಿದ್ದ ಕೋಣೆಯ ಎದುರಿನ ಚಹಾದಂಗಡಿಯಲ್ಲಿ ಮಫ್ತಿಯಲ್ಲಿದ್ದ ಒಬ್ಬರು ದಿನವೂ ಸಂಜೆ ಬಂದು ಕೂರುತ್ತಿದ್ದರು, ಮಡಿಚಿದ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದರು. ಯಾರನ್ನೂ ಹಿಡಿಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹನ್ನೆರಡು ಜನರಲ್ಲಿ ಉಳಿದವರು ಮೂವರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ದೇಶದೊಳಗಿನ ಬೇಹುಗಾರಿಕೆ ನೋಡಿಕೊಳ್ಳುವ ನಮ್ಮ ಇಂಟೆಲಿಜೆನ್ಸ್ ಬ್ಯೂರೋದ ಬೇರು 1887ರಷ್ಟು ಹಳೆಯದು. ಆದರೂ ಅದರ ಅಧಿಕಾರದ ಎಲ್ಲೆಯನ್ನು ಗೊತ್ತುಪಡಿಸುವ ಕಾಯ್ದೆಯೊಂದನ್ನು ಸಂಸತ್ತು ಮಾಡಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿದೆ; ಆ ಹಕ್ಕಿಗೆ ಕೈಹಾಕುವವರು ಮೊದಲು ಕಾನೂನಿನ ಆಧಾರ ತೋರಿಸಬೇಕಾಗುತ್ತದೆ. ನಿಮ್ಮ ಮೊಮ್ಮಗಳು ಆ ತೀರ್ಪನ್ನೂ ಚರ್ಚ್ ಸಮಿತಿಯ ವರದಿಯನ್ನೂ ಜೊತೆಗಿಟ್ಟು ಓದಲಿ. ಎರಡೂ ಸಾರ್ವಜನಿಕವಾಗಿ ದೊರೆಯುತ್ತವೆ.