ಇಂಗ್ಲಿಷ್ ಅರ್ಜಿಯಲ್ಲಿ ಗೌರವದ ಪದಗಳಿಗೆಲ್ಲ ಕ್ಯಾಪಿಟಲ್ ಅಕ್ಷರ ಹಾಕಬೇಕೇ?

ನಿಮ್ಮೂರ ಶಾಲೆಗೆ ಶಿಕ್ಷಕರನ್ನು ಕೇಳುವ ಅರ್ಜಿಯಲ್ಲಿ ಸ್ಕೂಲ್, ಟೀಚರ್, ಡಿಸ್ಟ್ರಿಕ್ಟ್ ಎಂಬ ಮುಖ್ಯ ಪದಗಳಿಗೆಲ್ಲ ದೊಡ್ಡಕ್ಷರ ಬೇಕೇ, ಅಂಥ ಪದಗಳ ಪಟ್ಟಿ ಇದೆಯೇ ಎಂದು ಕೇಳಿದ್ದೀರಿ. ಇದೇ ವಿಷಯದಲ್ಲಿ ಎಡವಿ ನಾನು ಅರ್ಧ ತಿಂಗಳ ಸಂಬಳ ಕಳೆದುಕೊಂಡವನು.

ಹಾಸನದ ಬಿ.ಎಂ. ರಸ್ತೆಯ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ನಾನೂ ನಿಮ್ಮಂತೆಯೇ ಬರೆಯುತ್ತಿದ್ದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಗೌರವವನ್ನು ನಾವು ‘ಅವರು’ ಎಂದು ಬಹುವಚನದಲ್ಲಿ ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಅನುಕೂಲ ಕಾಣದಿದ್ದಾಗ ಕನ್ನಡ ಮಾಧ್ಯಮದಲ್ಲಿ ಓದಿದವರ ಕೈ ತಾನಾಗಿಯೇ ಕ್ಯಾಪಿಟಲ್ ಕಡೆಗೆ ಹೋಗುತ್ತದೆ. ಅಂಗಡಿಯ ಮಾಲೀಕರು ಒಂದು ದಿನ ನನ್ನನ್ನು ಕೂರಿಸಿಕೊಂಡು, ರೂಢನಾಮಕ್ಕೆ ಸಣ್ಣಕ್ಷರ, ಅಂಕಿತನಾಮಕ್ಕೆ ದೊಡ್ಡಕ್ಷರ ಎಂದು ತಿದ್ದಿದರು. ನದಿ, ಊರು, ಬೆಟ್ಟ ರೂಢನಾಮ. ಹೇಮಾವತಿ, ಬೇಲೂರು, ಮುಳ್ಳಯ್ಯನಗಿರಿ ಅಂಕಿತನಾಮ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ ಆದ್ದರಿಂದ ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಕೆಲವೇ ದಿನಗಳಲ್ಲಿ ಒಬ್ಬ ವಕೀಲರು ಸಕಲೇಶಪುರದ ಕಾಫಿ ತೋಟವೊಂದರ ಗುತ್ತಿಗೆ ಕರಾರನ್ನು ಟೈಪಿಗೆ ಕೊಟ್ಟರು. ಅದರಲ್ಲಿ ‘ಎಸ್ಟೇಟ್’, ‘ಓನರ್’, ‘ಲೆಸ್ಸೀ’ (ಗುತ್ತಿಗೆದಾರ) ಪದಗಳಿಗೆ ನಲವತ್ತಕ್ಕೂ ಹೆಚ್ಚು ಕಡೆ ದೊಡ್ಡಕ್ಷರವಿತ್ತು. ಮೂರೂ ರೂಢನಾಮಗಳೇ ಅಲ್ಲವೇ ಎಂದುಕೊಂಡು, ಯಾರನ್ನೂ ಕೇಳದೆ ಅಷ್ಟನ್ನೂ ಸಣ್ಣಕ್ಷರ ಮಾಡಿ ಛಾಪಾ ಕಾಗದದ ಮೇಲೆ ಪ್ರಿಂಟ್ ತೆಗೆದೆ.

ನನ್ನ ತಪ್ಪು ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಅದರಲ್ಲೇ ಇದೆ. ಕರಾರಿನ ಮೊದಲ ಪುಟದಲ್ಲಿ, ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರದಲ್ಲಿ, ಹೇಳಿದ ಚೆಕ್ಕುಬಂದಿಯೊಳಗಿನ (ನಾಲ್ಕು ದಿಕ್ಕಿನ ಗಡಿಯೊಳಗಿನ) ತೋಟ, ಕಣ, ಗೋದಾಮು ಮತ್ತು ಲೈನ್ ಮನೆಗಳನ್ನು ಒಟ್ಟಾಗಿ ಇನ್ನು ಮುಂದೆ ‘ಎಸ್ಟೇಟ್’ ಎಂದು ಕರೆಯತಕ್ಕದ್ದು ಎಂದಿತ್ತು. ಅಲ್ಲಿ ಆ ಪದಕ್ಕೆ ನಾಮಕರಣವೇ ಆಗಿಹೋಗಿತ್ತು. ಆ ಕಾಗದದ ಮಟ್ಟಿಗೆ ಅದು ಅಂಕಿತನಾಮ. ಒಂಬತ್ತನೆಯ ಷರತ್ತಿನಲ್ಲಿ ‘ಎಸ್ಟೇಟಿನ ರಸ್ತೆಯನ್ನು ಗುತ್ತಿಗೆದಾರರು ದುರಸ್ತಿ ಮಾಡಿಸಬೇಕು’ ಎಂಬಲ್ಲಿ ದೊಡ್ಡ ‘ಇ’ ಇತ್ತು. ಮುಂದಿನ ಸಾಲಿನಲ್ಲಿ, ದಾರಿಯ ಹಕ್ಕಿರುವ ಪಕ್ಕದವರ ಎಸ್ಟೇಟಿಗೆ ಸಣ್ಣ ‘ಇ’ ಇತ್ತು. ನನ್ನ ತಿದ್ದುಪಡಿಯ ನಂತರ ದುರಸ್ತಿ ಯಾವ ತೋಟದ ರಸ್ತೆಗೆ ಎಂಬುದೇ ಅನುಮಾನವಾಯಿತು. ನೋಂದಣಿಯ ದಿನ ಬೆಳಿಗ್ಗೆ ವಕೀಲರು ಆ ಸಣ್ಣ ‘ಇ’ ಸುತ್ತ ನೀಲಿ ಪೆನ್ನಿನಿಂದ ವೃತ್ತ ಹಾಕಿ, ಮಾತಾಡದೆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಅಂದಿನ ನೋಂದಣಿ ನಿಂತಿತು, ಛಾಪಾ ಕಾಗದದ ಹಣ ನನ್ನ ಸಂಬಳದಲ್ಲಿ ಮುರಿಯಿತು, ಆ ವಕೀಲರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಆದ್ದರಿಂದ ಪಟ್ಟಿ ಹುಡುಕುವುದನ್ನು ಬಿಡಿ. ಕ್ಯಾಪಿಟಲ್ ಗೌರವದ ಗುರುತೂ ಅಲ್ಲ, ಮುಖ್ಯ ಪದದ ಗುರುತೂ ಅಲ್ಲ; ಆ ವಾಕ್ಯದಲ್ಲಿ ಆ ಪದ ಹೆಸರಾಗಿ ನಿಂತಿದೆಯೇ ಎಂಬುದೊಂದೇ ಪ್ರಶ್ನೆ. ‘ರಿವರ್’ ಒಂದೇ ಬಂದರೆ ಸಣ್ಣಕ್ಷರ, ‘ಹೇಮಾವತಿ ರಿವರ್’ ಎಂದರೆ ಎರಡಕ್ಕೂ ದೊಡ್ಡಕ್ಷರ. ‘ಮೈ ಮದರ್’ ಎಂದಾಗ ಸಣ್ಣ ‘ಎಂ’. ಅದೇ ಪದದಿಂದ ತಾಯಿಯನ್ನು ಕೂಗಿದಾಗ ದೊಡ್ಡ ‘ಎಂ’. ನಮ್ಮ ಕಾಫಿಯನ್ನೇ ನೋಡಿ: ಸಸ್ಯಶಾಸ್ತ್ರದ ‘ಕಾಫಿಯಾ ಅರೇಬಿಕಾ’ದಲ್ಲಿ ಕುಲದ ಹೆಸರಿಗೆ ಮಾತ್ರ ದೊಡ್ಡಕ್ಷರ, ‘ಅರೇಬಿಕಾ’ಕ್ಕೆ ಸಣ್ಣ ‘ಎ’. ಆದರೆ 2019ರಲ್ಲಿ ಭೌಗೋಳಿಕ ಸೂಚಕ ಪಡೆದ ‘ಚಿಕ್ಕಮಗಳೂರು ಅರೇಬಿಕಾ’ದಲ್ಲಿ ಎರಡಕ್ಕೂ ದೊಡ್ಡಕ್ಷರ, ಏಕೆಂದರೆ ಅಲ್ಲಿ ಅದು ಪೂರ್ತಿಯಾಗಿ ಹೆಸರು. ವಾರ, ತಿಂಗಳು, ಭಾಷೆಗಳ ಹೆಸರಿಗೆ ಯಾವಾಗಲೂ ದೊಡ್ಡಕ್ಷರ. ಋತುಗಳಿಗೆ ಸಾಮಾನ್ಯವಾಗಿ ಇಲ್ಲ. ಇದು ಆಯಾ ಭಾಷೆಯ ರೂಢಿ ಅಷ್ಟೇ. ಜರ್ಮನ್ ಭಾಷೆಯಲ್ಲಿ ಇಂದಿಗೂ ಎಲ್ಲ ನಾಮಪದಗಳಿಗೂ ದೊಡ್ಡಕ್ಷರವಿದೆ, 1787ರ ಅಮೆರಿಕದ ಸಂವಿಧಾನದಲ್ಲೂ ಹೆಚ್ಚುಕಡಿಮೆ ಹಾಗೆಯೇ ಬರೆದಿದ್ದಾರೆ.

ನಿಮ್ಮ ಅರ್ಜಿಯಲ್ಲಿ ‘ನಮ್ಮೂರ ಸ್ಕೂಲಿಗೆ ಟೀಚರ್ ಬೇಕು’ ಎಂಬಲ್ಲಿ ಎರಡೂ ಪದಕ್ಕೆ ಸಣ್ಣಕ್ಷರ ಸಾಕು. ಶಾಲೆಯ ಪೂರ್ಣ ಹೆಸರು ಬರೆಯುವಾಗ ಮಾತ್ರ ‘ಸ್ಕೂಲ್’ಗೆ ದೊಡ್ಡ ‘ಎಸ್’ ಹಾಕಿ. ‘ಹಾಸನ್ ಡಿಸ್ಟ್ರಿಕ್ಟ್’ ಎಂದು ಹೆಸರಾಗಿ ಬಂದಲ್ಲಿ ದೊಡ್ಡ ‘ಡಿ’, ‘ನಮ್ಮ ಡಿಸ್ಟ್ರಿಕ್ಟ್’ ಎಂದಲ್ಲಿ ಸಣ್ಣದು. ಅಧಿಕಾರಿಗಳಿಗೆ ತೋರಿಸಬೇಕಾದ ಗೌರವವನ್ನು ಮೇಲೆ ‘ರೆಸ್ಪೆಕ್ಟೆಡ್ ಸರ್’ ಎಂದು ಬರೆದೇ ಇರುತ್ತೀರಿ.